ನಾನಲ್ಲ, ನನ್ನ ಕ್ಯಾರೆಕ್ಟರ್

ಕಳ್ಳನೂ ಧರ್ಮವೀರನೂ ಒಂದೇ ಪುಸ್ತಕದಲ್ಲಿ ಹುಟ್ಟಿದವರು. ಪುರಾಣದ ಮಾತಲ್ಲ, 1975ರ ಮಾತು. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ ಲೇಕ್ ಜಿನೀವಾ ಅಂತ ಒಂದು ಸಣ್ಣ ಊರು. ಅದರ ಹಿಂದಿನ ವರ್ಷವಷ್ಟೇ ಅಲ್ಲಿಂದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಆಟ ಹೊರಬಿದ್ದಿತ್ತು. ಮೊದಲ ಮುದ್ರಣ ಸಾವಿರ ಪ್ರತಿ, ಕೈಯಲ್ಲೇ ಜೋಡಿಸಿ ಪೆಟ್ಟಿಗೆಗೆ ತುಂಬಿದ್ದು. ಆ ಮೊದಲ ಆಟದಲ್ಲಿ ಪಾತ್ರಗಳು ಮೂರೇ ಬಗೆ: ಹೊಡೆದಾಡುವವನು, ಮಂತ್ರ ಹಾಕುವವನು, ದೇವರ ಹೆಸರು ಹೇಳಿ ಗಾಯ ಮಾಯಿಸುವವನು. ಮರುವರ್ಷ ‘ಗ್ರೇಹಾಕ್’ ಎಂಬ ಪುರವಣಿ ಪುಸ್ತಕ ಬಂತು, ಇನ್ನಿಬ್ಬರನ್ನು ಕರೆದುಕೊಂಡು. ಒಬ್ಬ ಬೀಗ ತೆಗೆಯುವ, ಜೇಬಿಗೆ ಕೈಹಾಕುವ ಕಳ್ಳ. ಇನ್ನೊಬ್ಬ ಪಲಾಡಿನ್, ಧರ್ಮದ ದಾರಿಯಿಂದ ಒಂದಂಗುಲ ಸರಿದರೂ ತನ್ನ ಶಕ್ತಿಯನ್ನೆಲ್ಲ ಕಳೆದುಕೊಳ್ಳುವ ಯೋಧ. ಬರೆದವರು ಗ್ಯಾರಿ ಗೈಗ್ಯಾಕ್ಸ್ ಮತ್ತು ರಾಬ್ ಕುಂಟ್ಜ್. ಕಳ್ಳನನ್ನೂ ಪಲಾಡಿನ್‌ನನ್ನೂ ಒಂದೇ ತಂಡಕ್ಕೆ ಸೇರಿಸಿ ಕತ್ತಲೆಯ ಗವಿಯೊಳಕ್ಕೆ ಕಳಿಸಿದರೆ ಏನಾಗಬಹುದು ಅಂತ ಅವರು ಯೋಚಿಸಿದ್ದರೋ ಇಲ್ಲವೋ. ಐವತ್ತು ವರ್ಷಗಳಿಂದ ಲೋಕದ ಮೇಲಿನ ಎಷ್ಟೋ ಊಟದ ಮೇಜುಗಳಲ್ಲಿ ಆಗುತ್ತಿರುವುದು ಮಾತ್ರ ಒಂದೇ. ಜಗಳ.

ಈ ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಇದರಲ್ಲಿ ಮನೆ ದಾಟಿಸಬೇಕಾದ ಕಾಯಿಗಳಿಲ್ಲ, ಕೊನೆಗೆ ಇಂಥವರು ಗೆದ್ದರು ಅಂತ ಚಪ್ಪಾಳೆಯೂ ಇಲ್ಲ. ನಾಲ್ಕೈದು ಜನ ಮೇಜಿನ ಸುತ್ತ ಕೂರುತ್ತಾರೆ. ಒಬ್ಬೊಬ್ಬರ ಮುಂದೆಯೂ ಒಂದು ಹಾಳೆ, ಅದರಲ್ಲಿ ಅವರವರ ಪಾತ್ರದ ಜಾತಕ: ಬಲ ಎಷ್ಟು, ಬುದ್ಧಿ ಎಷ್ಟು, ಚೀಲದಲ್ಲಿರುವ ಹಗ್ಗ ಎಷ್ಟು ಅಡಿ. ಒಬ್ಬರು ಮಾತ್ರ ಯಾವ ಒಂದು ಪಾತ್ರಕ್ಕೂ ಕಟ್ಟುಬೀಳದೆ ಉಳಿದ ಇಡೀ ಲೋಕವನ್ನು ಹೊತ್ತುಕೊಂಡಿರುತ್ತಾರೆ. ಅವರು ಡಂಜನ್ ಮಾಸ್ಟರ್, ಬಾಯಿಮಾತಿನಲ್ಲಿ ಡಿಎಂ. ಮಳೆ, ಬೆಟ್ಟ, ಛತ್ರದವನು, ರಾಜ, ರಾಕ್ಷಸ ಎಲ್ಲ ಅವರೇ. ‘ಮುಂದೆ ಒಂದು ಬಾಗಿಲಿದೆ. ಒಳಗಿಂದ ಏನೋ ಉಸಿರಾಡುವ ಸದ್ದು. ಏನು ಮಾಡ್ತೀರಿ?’ ಅಂತ ಕೇಳುತ್ತಾರೆ. ನೀವು ನಿಮ್ಮ ಪಾತ್ರ ಏನು ಮಾಡುತ್ತದೆ ಅಂತ ಹೇಳುತ್ತೀರಿ. ಆಗುತ್ತೋ ಇಲ್ಲವೋ ಎಂಬ ಅನುಮಾನ ಬಂದಲ್ಲಿ ಇಪ್ಪತ್ತು ಮುಖದ ದಾಳ ಉರುಳುತ್ತದೆ. ಆಟ ಅಂದರೆ ಇಷ್ಟೇ. ಇಷ್ಟಕ್ಕೆ ಜನ ವರ್ಷಗಟ್ಟಲೆ ಪ್ರತಿವಾರ ಬಂದು ಕೂರುತ್ತಾರೆ.

ನನ್ನ ತಂಗಿಯ ಮಗ ಇಂಥ ಒಬ್ಬ ಡಿಎಂ. ಭಾನುವಾರ ಮಧ್ಯಾಹ್ನ ಜೆ.ಪಿ. ನಗರದ ಅವನ ಫ್ಲ್ಯಾಟಿನಲ್ಲಿ ಆಟ. ನಾನು ಆಡುವವನಲ್ಲ. ಸೋಫಾದಲ್ಲಿ ಪೇಪರು ಹಿಡಿದು ಕೂತು, ಓದುವ ನೆಪದಲ್ಲಿ ಎಲ್ಲವನ್ನೂ ಕೇಳಿಸಿಕೊಳ್ಳುವವನು. ನಾಟಕಕ್ಕೆ ಹೋದರೆ ನಾವು ಟಿಕೆಟ್ಟು ಕೊಳ್ಳಬೇಕು, ಇಲ್ಲಿ ಅವರೇ ನನಗೆ ಕಾಫಿ ತಂದುಕೊಡುತ್ತಾರೆ. ಬರುವವರ ಪೈಕಿ ಒಬ್ಬ ಚಾರ್ಟರ್ಡ್ ಅಕೌಂಟೆಂಟ್. ವಾರವಿಡೀ ಊರವರ ಲೆಕ್ಕದಲ್ಲಿ ಎಂಟಾಣೆ ವ್ಯತ್ಯಾಸ ಬಂದರೂ ಬಿಡದ ಈ ಮನುಷ್ಯ ಭಾನುವಾರ ಕಳ್ಳ. ಇನ್ನೊಬ್ಬ ಸಾಫ್ಟ್‌ವೇರ್ ಕಂಪನಿಯಲ್ಲಿ ಟೆಸ್ಟರ್, ಬೇರೆಯವರ ತಪ್ಪು ಹುಡುಕುವುದಕ್ಕೇ ಸಂಬಳ ತೆಗೆದುಕೊಳ್ಳುವವನು. ಅವನು ಪಲಾಡಿನ್ ಆಗಿದ್ದರಲ್ಲಿ ನನಗಂತೂ ಆಶ್ಚರ್ಯವಾಗಲಿಲ್ಲ. ಹಲ್ಲಿನ ಡಾಕ್ಟರಮ್ಮ ಒಬ್ಬರಿದ್ದಾರೆ. ರೋಗಿಗಳ ಹತ್ತಿರ ‘ಸ್ವಲ್ಪ ನೋವಾಗಬಹುದು’ ಎಂದು ಮೆಲ್ಲಗೆ ಹೇಳುವ ಅದೇ ದನಿಯಲ್ಲಿ, ಇಲ್ಲಿ ‘ಕೊಡಲಿ ಬೀಸ್ತೀನಿ’ ಅನ್ನುತ್ತಾರೆ. ನಾಲ್ಕನೆಯವಳು ಎಂ.ಎಸ್ಸಿ. ಓದುವ ಹುಡುಗಿ, ಮಂತ್ರವಾದಿನಿ. ಮಾತು ಕಡಿಮೆ, ಚಕ್ಕುಲಿ ಜಾಸ್ತಿ.

ಒಂದು ಭಾನುವಾರ ಇವರೆಲ್ಲ ಸೇರಿ ಸತ್ತ ಡ್ರ್ಯಾಗನ್ನಿನ ಗವಿಯಲ್ಲಿ ಒಂದು ಪೆಟ್ಟಿಗೆಯ ಮುಂದೆ ನಿಂತಿದ್ದರು. ಬೀಗ ತೆಗೆದವನು ಕಳ್ಳ, ಒಳಗೆ ಮೊದಲು ಇಣುಕಿದವನೂ ಅವನೇ. ಚೀಟಿಯ ಮೇಲೆ ಏನೋ ಗೀಚಿ ಡಿಎಂ ಕೈಗೆ ದಾಟಿಸಿದ. ನನ್ನ ಸೋದರಳಿಯ ಓದಿ, ಹುಬ್ಬು ಏರಿಸಿ, ‘ರೋಲ್ ಮಾಡು’ ಅಂದ. ಹತ್ತೊಂಬತ್ತು ಬಿತ್ತು. ‘ಸರಿ. ಪೆಟ್ಟಿಗೆಯಲ್ಲಿ ನಾನೂರು ಚಿನ್ನದ ನಾಣ್ಯ ಇದೆ’ ಎಂದು ಉಳಿದವರಿಗೆ ಹೇಳಿದ. ಕೋಳಿಮೊಟ್ಟೆ ಗಾತ್ರದ ಮಾಣಿಕ್ಯವೊಂದು ನಾಣ್ಯಗಳ ಮೇಲೆ ಕೂತಿತ್ತೆಂಬುದು ಚೀಟಿ ಬರೆದವನಿಗೂ ಓದಿದವನಿಗೂ ಮಾತ್ರ ಗೊತ್ತು.

ಚೀಟಿ ದಾಟಿದ್ದನ್ನು ಪಲಾಡಿನ್ ನೋಡಿದ್ದ. ಸರಿಯಾಗಿ ಹೇಳುವುದಾದರೆ, ಟೆಸ್ಟರ್ ನೋಡಿದ್ದ. ಪಲಾಡಿನ್ ಆ ಹೊತ್ತಿಗೆ ಗವಿಯ ಬಾಗಿಲಲ್ಲಿ ಹೊರಗೆ ಮುಖಮಾಡಿ ಕಾವಲು ನಿಂತಿದ್ದ, ಅವನಿಗೆ ಕಾಣುವ ಹಾಗೇ ಇರಲಿಲ್ಲ.

‘ನನ್ನ ಕ್ಯಾರೆಕ್ಟರ್‌ಗೆ ಯಾಕೋ ಎಲ್ಲರ ಬ್ಯಾಗ್ ಚೆಕ್ ಮಾಡ್ಬೇಕು ಅನ್ನಿಸ್ತಿದೆ’ ಅಂದ ಟೆಸ್ಟರ್.

‘ಯಾಕಂತೆ?’

‘ಸುಮ್ನೆ. ದೇವರ ಪ್ರೇರಣೆ.’

‘ನನ್ನ ಬ್ಯಾಗ್ ಮುಟ್ಟಿದ್ರೆ ಚಾಕು ಹಾಕ್ತೀನಿ.’

‘ಹಾಕು ನೋಡೋಣ. ಇನಿಷಿಯೇಟಿವ್ ರೋಲ್ ಮಾಡು.’

‘ಏನ್ ಮಗಾ, ಸೀರಿಯಸ್ಸಾ?’

‘ನಾನಲ್ಲ ಗುರು. ನನ್ನ ಕ್ಯಾರೆಕ್ಟರ್ ಹಂಗೇ.’

ಮೊದಲ ಏಟು ಯಾರದು ಅಂತ ತೀರ್ಮಾನಿಸುವ ಆ ದಾಳವನ್ನು ಎಸೆದ ರಭಸಕ್ಕೆ ಅದು ಮೇಜಿನಿಂದ ಹಾರಿ ಫ್ರಿಜ್ಜಿನ ಕೆಳಗೆ ಹೋಯಿತು. ತೆಗೆಯಲು ಯಾರೂ ಬಗ್ಗಲಿಲ್ಲ. ಚಕ್ಕುಲಿ ಮುರಿಯುವ ಸದ್ದೂ ನಿಂತಿತು. ನಾನು ಪೇಪರಿನ ಪುಟ ತಿರುವುವುದನ್ನು ನಿಲ್ಲಿಸಿದೆ.

‘ನಾನಲ್ಲ, ನನ್ನ ಕ್ಯಾರೆಕ್ಟರ್’ ಅನ್ನುವ ಮಾತನ್ನು ಈ ಆಟದ ಲೋಕದಲ್ಲಿ ಕೇಳದವರಿಲ್ಲ. ಗೆಳೆಯನ ಕತ್ತಿ ಕದ್ದವನೂ ಇದನ್ನೇ ಹೇಳುತ್ತಾನೆ, ಎಲ್ಲರೂ ರಾಜನ ಮುಂದೆ ಕೈಕಟ್ಟಿ ನಿಂತಿರುವಾಗ ರಾಜನಿಗೇ ಬೈದು ಇಡೀ ತಂಡವನ್ನು ಸೆರೆಮನೆಗೆ ಕಳಿಸಿದವನೂ ಇದನ್ನೇ ಹೇಳುತ್ತಾನೆ. ಕೇಳುವುದಕ್ಕೆ ಕಲಾನಿಷ್ಠೆಯ ಮಾತಿನ ಹಾಗಿದೆ. ಪಾತ್ರಕ್ಕೆ ದ್ರೋಹ ಬಗೆಯಲಾರೆ, ಏನು ಮಾಡಲಿ ಹೇಳಿ! ಆದರೆ ಆ ಪಾತ್ರವನ್ನು ಬರೆದವರು ಯಾರು? ಎಚ್.ಬಿ. ಪೆನ್ಸಿಲಿನಲ್ಲಿ, ಈತನೇ, ಇದೇ ಮೇಜಿನಲ್ಲಿ ಕೂತು. ರಬ್ಬರೂ ಪಕ್ಕದಲ್ಲೇ ಇತ್ತು. ಹುಟ್ಟಾ ಕಳ್ಳ, ಯಾರನ್ನೂ ನಂಬದವನು ಅಂತ ಬರೆದ ಕೈಗೆ, ಈ ಮೂವರ ಜೀವಕ್ಕಾದರೆ ತನ್ನ ಜೀವ ಕೊಟ್ಟಾನು ಅಂತ ಇನ್ನೊಂದು ಸಾಲು ಬರೆಯುವುದು ಕಷ್ಟವಿರಲಿಲ್ಲ.

ಹಾಗಂತ ತಪ್ಪನ್ನೆಲ್ಲ ಆಟಗಾರರ ತಲೆಗೆ ಕಟ್ಟುವುದೂ ನ್ಯಾಯವಲ್ಲ. ಆಟ ಹುಟ್ಟಿದ ಗಳಿಗೆಯೇ ಹಾಗಿದೆ. 1969ರಲ್ಲಿ ಮಿನೆಸೋಟದ ಅವಳಿ ನಗರಗಳಲ್ಲಿ, ಅಂದರೆ ಮಿನಿಯಾಪೊಲಿಸ್ ಮತ್ತು ಸೇಂಟ್ ಪಾಲ್‌ನಲ್ಲಿ, ತಗಡಿನ ಸಿಪಾಯಿಗಳನ್ನು ಸಾಲಾಗಿ ನಿಲ್ಲಿಸಿ ನೆಪೋಲಿಯನ್ ಕಾಲದ ಯುದ್ಧ ಆಡುವ ಒಂದು ಗೆಳೆಯರ ಬಳಗ ಇತ್ತು. ಅವರಲ್ಲಿ ಡೇವಿಡ್ ವೆಸ್ಲಿ ಎಂಬಾತ ಒಂದು ಹೊಸ ಪ್ರಯೋಗ ಮಾಡಿದ. ಬ್ರೌನ್‌ಸ್ಟೈನ್ ಅಂತ ಒಂದು ಕಲ್ಪನೆಯ ಜರ್ಮನ್ ಊರು. ಎರಡು ಕಡೆಯಿಂದ ಸೈನ್ಯ ಬರುತ್ತಿದೆ. ದಂಡನಾಯಕರು ಇಬ್ಬರೇ ಸಾಕು, ಉಳಿದವರಿಗೆ ಏನು ಕೆಲಸ? ಒಬ್ಬನನ್ನು ಬ್ಯಾಂಕಿನವನನ್ನಾಗಿ ಮಾಡಿದ, ಇನ್ನೊಬ್ಬನನ್ನು ವಿಶ್ವವಿದ್ಯಾಲಯದ ಮುಖ್ಯಸ್ಥನನ್ನಾಗಿ. ಹೀಗೆ ಊರಿನ ಒಬ್ಬೊಬ್ಬ ದೊಡ್ಡ ಮನುಷ್ಯನನ್ನು ಒಬ್ಬೊಬ್ಬರಿಗೆ ಹಂಚಿ, ಅವರವರ ಕಿವಿಯಲ್ಲಿ ಅವರವರ ಗುಟ್ಟಿನ ಆಸೆಯನ್ನು ಊದಿದ. ಆಮೇಲೆ ಸೈನ್ಯ ಬರುವುದನ್ನು ಕಾಯುವ ವ್ಯವಧಾನ ಯಾರಿಗಿತ್ತು? ಇಬ್ಬಿಬ್ಬರು ಮೂಲೆಗೆ ಹೋಗಿ ಪಿಸುಗುಟ್ಟಿದರು, ಒಪ್ಪಂದ ಮಾಡಿಕೊಂಡರು, ಅದನ್ನು ಮುರಿದರು. ಇಬ್ಬರಂತೂ ವೆಸ್ಲಿಯ ಬಳಿ ಬಂದು, ನಾವು ದ್ವಂದ್ವಯುದ್ಧಕ್ಕೆ ಸವಾಲು ಹಾಕಿಕೊಂಡಿದ್ದೇವೆ, ಯಾರು ಗೆದ್ದರು ಹೇಳು ಅಂತ ನಿಂತರು. ಅದಕ್ಕೆ ಅವನ ಹತ್ತಿರ ನಿಯಮವೇ ಇರಲಿಲ್ಲ. ಬಾಯಿಗೆ ಬಂದ ಒಂದು ನಿಯಮ ಹೇಳಿ ದಾಳ ಹಾಕಿಸಿದ. ಆಟ ಸಂಪೂರ್ಣ ಕೈತಪ್ಪಿತು, ಕೆಟ್ಟಿತು ಅಂತಲೇ ಅವನು ತಿಳಿದುಕೊಂಡ. ಆಡಿದವರು ಮಾತ್ರ, ಇದೇ ಬೇಕು, ಮತ್ತೆ ಯಾವಾಗ ಅಂತ ದುಂಬಾಲುಬಿದ್ದರು. ಆ ಬಳಗದಲ್ಲಿದ್ದ ಡೇವ್ ಆರ್ನಸನ್ ಎಂಬ ಹುಡುಗ ಇದೇ ಜಾಡು ಹಿಡಿದು ಮುಂದೆ ಹೋದ. ಅವನೂ ಗೈಗ್ಯಾಕ್ಸೂ ಸೇರಿದ್ದರಿಂದಲೇ 1974ರ ಆಟ. ಸಹಕಾರದ ಆಟ, ತಂಡದ ಆಟ ಅಂತ ಈಗ ಹೊಗಳಿಸಿಕೊಳ್ಳುವುದರ ಮುತ್ತಜ್ಜ ಒಂದು ಊರುಜಗಳ.

ಮೊದಲಿನ ನಿಯಮಗಳೂ ಬೆಂಕಿಗೆ ತುಪ್ಪ ಹಾಕುವಂಥವೇ. ಪಾತ್ರ ಬೆಳೆಯಬೇಕಾದರೆ ಅನುಭವದ ಅಂಕ ಬೇಕು, ಆ ಅಂಕ ಬಹುಪಾಲು ಬರುತ್ತಿದ್ದುದು ದಕ್ಕಿದ ಚಿನ್ನದಿಂದ. ಒಂದು ನಾಣ್ಯಕ್ಕೆ ಒಂದು ಅಂಕ. ಹಣವೇ ಅನುಭವ ಅಂತಾದ ಮೇಲೆ ಪಾಲು ಹಂಚುವಾಗ ಜಗಳವಾಗದೆ ಭಜನೆ ಆಗುತ್ತದೆಯೇ? ಸಾಲದ್ದಕ್ಕೆ 1978ರ ‘ಪ್ಲೇಯರ್ಸ್ ಹ್ಯಾಂಡ್‌ಬುಕ್’ ಪಲಾಡಿನ್‌ಗೆ ಮಡಿ ಹೇಳಿಕೊಟ್ಟಿತು: ಸಜ್ಜನರ ಜೊತೆ ಮಾತ್ರ ಒಡನಾಟ, ಅತ್ತಲೂ ಅಲ್ಲದ ಇತ್ತಲೂ ಅಲ್ಲದವರು ತಂಡದಲ್ಲಿದ್ದರೆ ಒಂದು ಸಲದ ಮಟ್ಟಿಗೆ ನಡೆದೀತು, ದುಷ್ಟರಂತೂ ಕೂಡದು. ಪಕ್ಕದ ಕುರ್ಚಿಯವನು ಕಳ್ಳನ ಪಾತ್ರ ತೆಗೆದುಕೊಂಡಿದ್ದರೆ ಪಲಾಡಿನ್ ಏನು ಮಾಡಬೇಕು? ಎದ್ದು ಮನೆಗೆ ಹೋಗಬೇಕೇ? ಪುಸ್ತಕ ಅದನ್ನು ಹೇಳುವುದಿಲ್ಲ.

ಪುಸ್ತಕ ಹೇಳಿದಲ್ಲಿ ಹೇಳಿದ್ದೂ ವಿಚಿತ್ರ. ಮರುವರ್ಷ ಬಂದ ಡಿಎಂಗಳ ಕೈಪಿಡಿಯಲ್ಲಿ ಗೈಗ್ಯಾಕ್ಸ್ ಮಹಾಶಯರು ತಂಟೆಕೋರ ಆಟಗಾರರಿಗೆ ಮದ್ದು ಬರೆದಿದ್ದಾರೆ. ಹೊರಗೆ ಹಾಕುವುದು ಇದ್ದೇ ಇದೆ, ಅದಕ್ಕೂ ಮೊದಲು ಅವನ ಪಾತ್ರದ ನೆತ್ತಿಯ ಮೇಲೆ ಆಕಾಶದಿಂದ ನೀಲಿ ಸಿಡಿಲು ಬಡಿಸಬಹುದಂತೆ. ಅಥವಾ ಕಣ್ಣಿಗೆ ಕಾಣದೆ ಬಂದೆರಗುವ ಒಂದು ಪ್ರೇತ. ಅಥವಾ ವರ್ಚಸ್ಸಿನಲ್ಲಿ ಒಂದು ಅಂಕ ಶಾಶ್ವತವಾಗಿ ಕಡಿತ. ಓದುವಾಗ ನಗು ಬರುತ್ತದೆ, ಆದರೆ ಇದು ಇವತ್ತಿಗೂ ಎಷ್ಟೋ ಡಿಎಂಗಳ ಮೊದಲ ಯೋಚನೆಯೇ. ಮನುಷ್ಯ ತಂಟೆ ಮಾಡಿದರೆ ಕಾಗದದ ಮೇಲಿನ ಅವನ ಗೊಂಬೆಗೆ ಹೊಡೆಯುವುದು. ಗೊಂಬೆ ಸಾಯುತ್ತದೆ. ಮನುಷ್ಯ ಹೊಸ ಹಾಳೆ ತೆಗೆದು, ಮೊದಲಿನ ಕಳ್ಳನ ತಮ್ಮ ಅಂತ ಇನ್ನೊಬ್ಬನನ್ನು ಬರೆಯುತ್ತಾನೆ. ಅವನು ಅಣ್ಣನ ಸೇಡು ತೀರಿಸಿಕೊಳ್ಳಲು ಬಂದವನು.

ಜಗಳಕ್ಕೆ ಆಟಗಾರರು ಯಾವ ಮಟ್ಟಕ್ಕೆ ಹೋಗಬಲ್ಲರು ಎಂಬುದಕ್ಕೆ ಅವರವರಲ್ಲೇ ಬಾಯಿಂದ ಬಾಯಿಗೆ ಹಬ್ಬಿರುವ ಒಂದು ಕಥೆ ಇದೆ. ಆಟದ ಪುರಾಣದಲ್ಲಿ ವೆಕ್ನಾ ಅಂತ ಒಬ್ಬ ಮಹಾ ದುಷ್ಟ ಮಂತ್ರವಾದಿ. ಅವನು ಹೋದಮೇಲೆ ಅವನ ಒಂದು ಕೈ, ಒಂದು ಕಣ್ಣು ಉಳಿದವು. ನಿಮ್ಮ ಕೈ ಕತ್ತರಿಸಿಕೊಂಡು ಅವನ ಕೈ ಅಂಟಿಸಿಕೊಂಡರೆ ಮಹಾಶಕ್ತಿ. ಕಣ್ಣಿನದೂ ಹಾಗೇ, ಕಿತ್ತು ಆ ಜಾಗದಲ್ಲಿ ಇಟ್ಟುಕೊಳ್ಳಬೇಕು. ಒಬ್ಬನೇ ಡಿಎಂ ಕೈಕೆಳಗೆ, ಒಂದೇ ಲೋಕದಲ್ಲಿ, ಎರಡು ತಂಡ ಆಡುತ್ತಿದ್ದವಂತೆ, ಒಂದಕ್ಕೊಂದು ಆಗದು. ಒಂದು ತಂಡದವರು ಯಾವುದೋ ಒಂದು ಸಾಮಾನ್ಯ ಹೆಣದ ತಲೆಯನ್ನು ತೆಗೆದು, ಬಲೆ ಬೋನುಗಳ ನಡುವೆ ಭದ್ರವಾಗಿ ಹೂತಿಟ್ಟು, ‘ವೆಕ್ನಾನ ತಲೆ ಇಂಥಲ್ಲಿದೆ’ ಅಂತ ಸುದ್ದಿ ಹಬ್ಬಿಸಿದರು. ಇನ್ನೊಂದು ತಂಡ ಬಿದ್ದು ಎದ್ದು ಅದನ್ನು ತೆಗೆಯಿತು. ಈಗ ಪ್ರಶ್ನೆ, ಯಾರ ತಲೆ ಕತ್ತರಿಸಬೇಕು? ನನ್ನದು, ನನ್ನದು ಅಂತ ಅವರವರಲ್ಲೇ ಕಿತ್ತಾಟ! ಕೊನೆಗೆ ಒಬ್ಬನ ತಲೆ ತೆಗೆದು ಆ ತಲೆ ಇಟ್ಟರು. ಏನೂ ಆಗಲಿಲ್ಲ, ಆಗುವುದಾದರೂ ಏನು. ಕ್ರಮದಲ್ಲಿ ಎಲ್ಲೋ ಲೋಪವಾಯಿತು ಅಂದುಕೊಂಡು ಇನ್ನೊಬ್ಬನದನ್ನೂ ತೆಗೆದರಂತೆ. ನನಗೆ ಈ ಕಥೆಯಲ್ಲಿ ಇಷ್ಟವಾಗುವುದು ಆ ಡಿಎಂ. ನಗು ತಡೆದುಕೊಂಡು, ಗಂಭೀರವಾಗಿ ‘ಏನೂ ಆಗಲಿಲ್ಲ’ ಎಂದು ಹೇಳುತ್ತ ಹೇಗೆ ಕೂತಿದ್ದನೋ.

ಇಲ್ಲಿ ಒಂದು ಮಾತು ಗಮನಿಸಬೇಕು. ಪಾತ್ರ ಪಾತ್ರಗಳ ನಡುವಿನ ಜಗಳವೇ ಕೆಟ್ಟದ್ದು ಅಂತಾಗಿದ್ದರೆ ‘ಪ್ಯಾರನೋಯಾ’ ಅನ್ನುವ ಆಟ ಓಡಲೇ ಬಾರದಿತ್ತು. 1984ರಲ್ಲಿ ಬಂದದ್ದು. ನೆಲದಡಿಯ ಒಂದು ನಗರ, ತಲೆಕೆಟ್ಟ ಒಂದು ಕಂಪ್ಯೂಟರಿನ ಆಳ್ವಿಕೆ. ದೇಶದ್ರೋಹಿಗಳನ್ನು ಹಿಡಿಯುವುದು ಆಟಗಾರರ ಕೆಲಸ, ಆಟಗಾರರೆಲ್ಲರೂ ಒಳಗೊಳಗೆ ದೇಶದ್ರೋಹಿಗಳೇ. ಒಬ್ಬರನ್ನೊಬ್ಬರು ಚಾಡಿ ಹೇಳಿ, ಗುಂಡಿಟ್ಟು ಕೊಲ್ಲುವುದೇ ದಿನಚರಿ. ಅದಕ್ಕೆಂದೇ ಒಬ್ಬೊಬ್ಬರಿಗೆ ಆರಾರು ತದ್ರೂಪಿ ದೇಹಗಳ ದಾಸ್ತಾನು. ಬೆನ್ನಿಗೆ ಗುಂಡು ತಿಂದವನು ಹೊಟ್ಟೆ ಹಿಡಿದುಕೊಂಡು ನಗುತ್ತ ಮುಂದಿನ ದೇಹ ತೆಗೆದುಕೊಳ್ಳುತ್ತಾನೆ. ಅದೇ 1984ರಲ್ಲಿ ‘ಡ್ರ್ಯಾಗನ್‌ಲ್ಯಾನ್ಸ್’ ಎಂಬ ಇನ್ನೊಂದು ಲೋಕ ಬಂತು, ಕೆಂಡರ್ ಎಂಬ ಒಂದು ಕುಳ್ಳ ಜನಾಂಗವನ್ನು ತಂದಿತು. ಇವರಿಗೆ ತನ್ನದು ಪರರದು ಎಂಬ ಭೇದವಿಲ್ಲ. ಕಂಡದ್ದನ್ನು ಮಗುವಿನ ಮುಗ್ಧತೆಯಿಂದ ಚೀಲಕ್ಕೆ ಹಾಕಿಕೊಳ್ಳುತ್ತಾರೆ. ಕಾದಂಬರಿಯಲ್ಲಿ ಓದಿದರೆ ಮುದ್ದು ಬರುತ್ತದೆ. ಆಟದ ಮೇಜಿನಲ್ಲಿ, ನೀವು ತಿಂಗಳುಗಟ್ಟಲೆ ಆಡಿ ಸಂಪಾದಿಸಿದ ಉಂಗುರವನ್ನು ಪಕ್ಕದವನು ‘ಅಯ್ಯೋ, ನನಗೆ ಗೊತ್ತೇ ಆಗಲಿಲ್ಲ, ನಾನು ಕೆಂಡರ್ ಅಲ್ವಾ’ ಅಂತ ಎತ್ತಿಕೊಂಡರೆ ಮುದ್ದು ಬರುವುದಿಲ್ಲ. ಪ್ಯಾರನೋಯಾದಲ್ಲಿ ಕೊಲೆಗೆ ನಗು, ಇಲ್ಲಿ ಒಂದು ಉಂಗುರಕ್ಕೆ ಮಾತುಬಿಡುವಷ್ಟು ಮುನಿಸು. ಅಲ್ಲಿ ಬರುವಾಗಲೇ ಎಲ್ಲರೂ ಕೊಲೆಯಾಗುವುದಕ್ಕೆ ಸಿದ್ಧರಾಗಿ ಬಂದಿರುತ್ತಾರೆ, ಇಲ್ಲಿ ಉಂಗುರದವನನ್ನು ಯಾರೂ ಕೇಳಿಲ್ಲ.

ಈ ಹೊತ್ತಿಗೆ ನನ್ನ ಮನಸ್ಸು ಪುತ್ತೂರಿನ ಕಡೆ ಓಡುತ್ತದೆ. ನಾನು ಹುಟ್ಟಿ ಬೆಳೆದದ್ದು ಅಲ್ಲಿ, ಮತ್ತು ಈ ಹುಡುಗರು ಅಮೆರಿಕದಿಂದ ತರಿಸಿಕೊಂಡ ಆಟದ ಒಂದು ರೂಪವನ್ನು ನಾನು ಚಡ್ಡಿ ಹಾಕುವ ಕಾಲದಲ್ಲೇ ಚಾಪೆಯ ಮೇಲೆ ಕೂತು ನೋಡಿದವನು. ತಾಳಮದ್ದಳೆ. ಮಳೆಗಾಲದಲ್ಲಿ ಯಕ್ಷಗಾನದ ಮೇಳಗಳು ಗೆಜ್ಜೆ ಬಿಚ್ಚಿದಮೇಲೆ ಶುರು. ವೇಷವಿಲ್ಲ, ಕುಣಿತವಿಲ್ಲ. ಪಂಚೆ ಶಾಲಿನಲ್ಲಿ ಅರ್ಥಧಾರಿಗಳು ಎದುರುಬದುರು ಕೂರುತ್ತಾರೆ, ಮಾತಿನಲ್ಲೇ ರಾಮ, ಮಾತಿನಲ್ಲೇ ವಾಲಿ. ಭಾಗವತರು ಪದ್ಯ ಹೇಳುತ್ತಾರೆ, ಅದಕ್ಕೆ ಅರ್ಥ ಹೇಳುವ ಮಾತು ಬರೆದಿಟ್ಟದ್ದಲ್ಲ, ಆ ಕ್ಷಣಕ್ಕೆ ಹುಟ್ಟಿದ್ದು. ಶೇಣಿ ಗೋಪಾಲಕೃಷ್ಣ ಭಟ್ಟರೂ ಸಾಮಗರೂ ಎದುರೆದುರು ಅಂತ ಗೊತ್ತಾದರೆ ಎಷ್ಟು ದೂರವಾದರೂ ಜನ ಟಾರ್ಚು ಹಿಡಿದುಕೊಂಡು ಬರುತ್ತಿದ್ದರು. ಬಾಣ ನಾಟಿ ಬಿದ್ದ ವಾಲಿ ರಾಮನನ್ನು ಕೇಳುತ್ತಾನೆ, ಮರೆಯಲ್ಲಿ ನಿಂತು ಹೊಡೆದೆಯಲ್ಲ, ಇದು ಯಾವ ಧರ್ಮ? ರಾಮ ಉತ್ತರ ಕೊಡಬೇಕು. ವಾಲಿ ಆ ಉತ್ತರವನ್ನು ಎತ್ತಿ ಒಗೆಯಬೇಕು. ನಡುರಾತ್ರಿ ದಾಟಿದರೂ ಬಾಣ ನಾಟಿದವನ ಉಸಿರು ನಿಲ್ಲುವುದಿಲ್ಲ, ನಿಲ್ಲುವುದು ಯಾರಿಗೂ ಬೇಕಾಗಿಯೂ ಇಲ್ಲ.

ಅಲ್ಲೂ ಮಾತು ಜಾರುತ್ತದೆ. ಪಾತ್ರಕ್ಕೆ ಬೀಳಬೇಕಾದ ಏಟು ಪಾತ್ರಧಾರಿಗೆ ಬೀಳುತ್ತದೆ. ಹತ್ತು ಸಮಸ್ತರ ಎದುರಿಗೆ ಒಬ್ಬರ ವಿದ್ವತ್ತನ್ನೋ ಹಳೆಯ ಒಂದು ಸೋಲನ್ನೋ ಇನ್ನೊಬ್ಬರು ಮೆಲ್ಲಗೆ ಚುಚ್ಚುತ್ತಾರೆ, ಸಭೆಯಲ್ಲಿ ಕೆಲವರು ಸುಮ್ಮನಿರದೆ ಚಪ್ಪಾಳೆ ಹೊಡೆಯುತ್ತಾರೆ. ಆಗ ಒಳ್ಳೆಯ ಭಾಗವತರು ಏನು ಮಾಡುತ್ತಾರೆ? ಯಾರನ್ನೂ ಗದರುವುದಿಲ್ಲ. ಆಕಾಶದಿಂದ ನೀಲಿ ಸಿಡಿಲು ಬಡಿಸುವುದಿಲ್ಲ. ಮುಂದಿನ ಪದ್ಯ ಎತ್ತಿಬಿಡುತ್ತಾರೆ. ಮದ್ದಳೆ ಸೇರಿಕೊಳ್ಳುತ್ತದೆ, ಮಾತು ತಾನಾಗಿ ನಿಲ್ಲುತ್ತದೆ, ಕಥೆ ಮುಂದಕ್ಕೆ ಹೋಗುತ್ತದೆ.

ಆದರೆ ಜಗಳ ಅಷ್ಟು ಚೆನ್ನಾಗಿ ನಡೆಯುವುದಕ್ಕೆ ಭಾಗವತರೊಬ್ಬರೇ ಕಾರಣರಲ್ಲ. ವಾಲಿ ಸಾಯುತ್ತಾನೆ ಎಂಬುದು ವಾಲಿಯ ಅರ್ಥ ಹೇಳುವವರಿಗೆ ಮನೆಯಿಂದ ಹೊರಡುವಾಗಲೇ ಗೊತ್ತು. ಸಾಯಬೇಕು ಅಂತ ಒಪ್ಪಿಕೊಂಡೇ ಬಂದವರು. ಆದ್ದರಿಂದಲೇ ರಾಮನ ಮೇಲೆ ಏನನ್ನೂ ಉಳಿಸಿಕೊಳ್ಳದೆ ಏರಿಹೋಗಬಲ್ಲರು. ನಮ್ಮ ಟೆಸ್ಟರಿನ ಪಲಾಡಿನ್‌ಗೂ ಅಕೌಂಟೆಂಟಿನ ಕಳ್ಳನಿಗೂ ಆ ನೆಮ್ಮದಿ ಇಲ್ಲ. ದಾಳದ ಮೇಲೆ ಏನು ಬೀಳುತ್ತೋ ಗೊತ್ತಿಲ್ಲ. ಸೋತರೆ ಪಾತ್ರವೇ ಹೋದೀತು, ಅದರ ಜೊತೆ ವರ್ಷದ ಭಾನುವಾರಗಳು ಹೋದಾವು. ಹೆದರಿದವನು ಮಾತಿನಲ್ಲಿ ಸೊಗಸು ತೋರಿಸುವುದಿಲ್ಲ, ಹಲ್ಲು ತೋರಿಸುತ್ತಾನೆ.

ಈಚಿನ ಆಟ ಕಟ್ಟುವವರಿಗೆ ಇದು ಚೆನ್ನಾಗಿ ಹೊಳೆದಿದೆ. ಕೆನಡಾದ ರಾಬಿನ್ ಲಾಸ್ 2013ರಲ್ಲಿ ‘ಹಿಲ್‌ಫೋಕ್’ ಅಂತ ಒಂದು ಆಟ ಮಾಡಿದರು. ಅದರಲ್ಲಿ ಪಾತ್ರಗಳು ಒಂದರ ಹತ್ತಿರ ಒಂದು ಏನನ್ನೋ ಬೇಡುತ್ತವೆ: ಕ್ಷಮೆ, ಪ್ರೀತಿ, ಮರ್ಯಾದೆ. ಕೊಟ್ಟರೆ ಕೊಟ್ಟವರಿಗೆ ಒಂದು ಬಿಲ್ಲೆ, ಕೊಡದಿದ್ದರೆ ಬೇಡಿದವರಿಗೆ. ಮುಂದೆ ಬೇಕಾದಾಗ ಆ ಬಿಲ್ಲೆ ಖರ್ಚು ಮಾಡಿ ಎದುರಿನವರನ್ನು ಒಪ್ಪಿಸಬಹುದು. ಮೂರು ಸಲ ಇಲ್ಲ ಅನ್ನಿಸಿಕೊಂಡ ತಮ್ಮ ಬೇಸರಪಡದೆ ಬಿಲ್ಲೆ ಎಣಿಸುತ್ತ ಕೂರುತ್ತಾನೆ. ಯಾರೋ ಪುಣ್ಯಾತ್ಮರು ಇದನ್ನು ನಮ್ಮ ಆಸ್ತಿ ಪಾಲಿನ ಪಂಚಾಯಿತಿಗಳಿಗೂ ತಂದರೆ ಒಳ್ಳೆಯದಿತ್ತು. ಜಾನ್ ಸ್ಟಾವ್ರೋಪೌಲೋಸ್ ಎಂಬವರದು ಇನ್ನೂ ಸುಲಭ. ಎಕ್ಸ್ ಎಂದು ಬರೆದ ಒಂದು ಕಾರ್ಡು ಮೇಜಿನ ಮೇಲೆ. ನಡೆಯುತ್ತಿರುವುದು ಸಹಿಸಲಾಗದಿದ್ದರೆ ಮುಟ್ಟಿ, ಕಾರಣ ಹೇಳಬೇಕಾಗಿಲ್ಲ, ಆ ಭಾಗ ಬಿಟ್ಟು ಆಟ ಮುಂದಕ್ಕೆ. ಆಟ ಶುರುವಾಗುವ ಮೊದಲು ಎಲ್ಲರೂ ಕೂತು ಏನು ನಡೆಯಬಹುದು, ಏನು ಬೇಡ ಅಂತ ಮಾತಾಡಿಕೊಳ್ಳುವುದಕ್ಕೆ ಸೆಷನ್ ಝೀರೋ ಅನ್ನುತ್ತಾರೆ. 2020ರ ಹೊತ್ತಿಗೆ ಅದು ಡಂಜನ್ಸ್ ಅಂಡ್ ಡ್ರ್ಯಾಗನ್ಸಿನ ಅಧಿಕೃತ ಪುಸ್ತಕಕ್ಕೂ ಹತ್ತಿತು. ನೀಲಿ ಸಿಡಿಲಿನಿಂದ ಇಲ್ಲಿಗೆ ಬರಲು ನಲವತ್ತೊಂದು ವರ್ಷ.

ಫ್ರಿಜ್ಜಿನ ಕೆಳಗೆ ದಾಳ ಹೋದ ಆ ಮಧ್ಯಾಹ್ನ ನನ್ನ ಸೋದರಳಿಯ ಇದನ್ನೆಲ್ಲ ಉಪನ್ಯಾಸ ಮಾಡಲಿಲ್ಲ. ‘ಬ್ರೇಕ್. ಟೀ ಮಾಡ್ತೀನಿ’ ಅಂದು ಎದ್ದ. ಭಾಗವತರ ನಾಡಿನ ರಕ್ತ ಎಲ್ಲಿ ಹೋಗುತ್ತದೆ. ಟೆಸ್ಟರನ್ನು ಮಾತ್ರ ಕರೆದ, ಶುಂಠಿ ಜಜ್ಜುವುದಕ್ಕೆ ಅಂತ. ಅಡುಗೆಮನೆ ಸೋಫಾಕ್ಕೆ ಹತ್ತಿರ, ನನ್ನ ಕಿವಿ ಇನ್ನೂ ಚುರುಕು.

‘ಏನೋ ಆಯ್ತು ನಿಂಗೆ?’

‘ಏನಿಲ್ಲ ಬಿಡೋ.’ ಶುಂಠಿ ಜಜ್ಜುವ ಸದ್ದು. ‘ಪ್ರತಿಸಲ ಅವನು ಒಳಗೆ ಹೋಗ್ತಾನೆ, ಒಂದೊಂದು ಗಂಟೆ ನೀನೂ ಅವನೂ ಮಾತಾಡ್ಕೊಂಡಿರ್ತೀರಿ. ನಾನು ಬಾಗಿಲು ಕಾಯ್ತಿರ್ತೀನಿ. ಆಫೀಸಲ್ಲೂ ಅದೇ ಕೆಲಸ, ಇಲ್ಲೂ ಅದೇನಾ?’

ನೋಡಿ, ಮಾಣಿಕ್ಯ ಎಲ್ಲಿತ್ತು, ನೋವು ಎಲ್ಲಿತ್ತು. ಪಲಾಡಿನ್‌ನ ಧರ್ಮಕ್ಕೆ ಏನೂ ಆಗಿರಲಿಲ್ಲ. ಟೆಸ್ಟರಿಗೆ ಮಾತಾಡುವ ಸರದಿ ಸಿಕ್ಕಿರಲಿಲ್ಲ, ಅಷ್ಟೆ. ಮೇಜಿನ ಮೇಲೆ ಕತ್ತಿ ಹಿರಿದವರನ್ನು ಒಬ್ಬೊಬ್ಬರನ್ನೇ ಕರೆದು ಶುಂಠಿ ಜಜ್ಜಿಸಿದರೆ ಬಹುತೇಕ ಇಂಥದ್ದೇ ಹೊರಗೆ ಬರುತ್ತದೆಂದು ನನ್ನ ಗುಮಾನಿ. ಒಬ್ಬನಿಗೆ ತನ್ನ ಜೋಕಿಗೆ ಯಾರೂ ನಗಲಿಲ್ಲ. ಇನ್ನೊಬ್ಬನಿಗೆ ಹೋದವಾರದ ಪಿಜ್ಜಾದ ದುಡ್ಡು ಇನ್ನೂ ಬಂದಿಲ್ಲ.

ಟೀ ಬಂತು. ಮೇಜಿನಲ್ಲಿ ಇನ್ನೂ ಬಿಗಿ. ಆಗ ಡಾಕ್ಟರಮ್ಮ ಬಿಸ್ಕತ್ತು ಅದ್ದುತ್ತ, ಹಲ್ಲು ನೋಡುವವರ ಕುತೂಹಲದಲ್ಲಿ, ಅಕೌಂಟೆಂಟನ್ನು ಕೇಳಿದರು. ‘ಅಲ್ಲ, ಪೆಟ್ಟಿಗೆಯಿಂದ ಏನೋ ಎತ್ಕೊಂಡ್ಯಲ್ಲ, ಅದು ನಿನ್ನ ಕ್ಯಾರೆಕ್ಟರ್‌ಗೆ ಯಾಕೆ ಬೇಕು?’

ಅವನು ಬಾಯಿ ತೆಗೆದ, ಮುಚ್ಚಿದ. ಯೋಚಿಸಿಯೇ ಇರಲಿಲ್ಲ. ಕಳ್ಳ, ಆದ್ದರಿಂದ ಕದ್ದ. ಆದರೆ ಲೆಕ್ಕದ ಮನುಷ್ಯ, ಯಾವ ಖರ್ಚಿಗೂ ಒಂದು ಬಾಬ್ತು ತೋರಿಸದೆ ಇರಲಾರ. ಸ್ವಲ್ಪ ಹೊತ್ತು ಬಿಟ್ಟು, ‘ತಂಗಿ ಇದಾಳೆ. ಸಾಹುಕಾರನ ಹತ್ರ ಅಡಮಾನ ಇದ್ದ ಹಾಗೆ. ನನ್ನ ಸಾಲಕ್ಕೆ ಅವಳು ದುಡೀತಿದಾಳೆ’ ಅಂದ. ಹೇಳಿದಮೇಲೆ ಅವನಿಗೇ ಆಶ್ಚರ್ಯವಾದ ಹಾಗೆ ಕಂಡಿತು.

‘ಇದನ್ನ ಮೊದಲೇ ಹೇಳೋಕೇನು?’ ಅಂದ ಟೆಸ್ಟರ್.

‘ನಿನ್ನ ಪಲಾಡಿನ್‌ಗೆ ಹೇಳಿದ್ರೆ ಸುಮ್ನಿರ್ತಾನಾ?’

‘ಅವನಿಗೆ ಬೇಡ. ನನಗೆ ಹೇಳು.’

ಇಷ್ಟು ಹೊತ್ತು ಚಕ್ಕುಲಿ ಬಿಟ್ಟು ಬೇರೇನಕ್ಕೂ ಬಾಯಿ ತೆಗೆಯದ ಮಂತ್ರವಾದಿನಿ ಆಗ ಕೇಳಿದಳು, ‘ಹಾಗಾದ್ರೆ ನಮಗೆಲ್ಲ ಗೊತ್ತು, ನಮ್ಮ ಕ್ಯಾರೆಕ್ಟರ್‌ಗಳಿಗೆ ಗೊತ್ತಿಲ್ಲ, ಅಲ್ವಾ?’ ಅಲ್ಲಿಂದ ವ್ಯಾಪಾರ ಶುರುವಾಯಿತು. ಎಷ್ಟು ವಾರ ಗುಟ್ಟು ನಿಲ್ಲಬೇಕು? ಯಾರು ಮೊದಲು ಅನುಮಾನಪಡಬೇಕು? ಟೆಸ್ಟರ್ ಒಂದೇ ಷರತ್ತು ಹಾಕಿದ. ‘ಗೊತ್ತಾಗದ ಹಾಗೆ ಎಷ್ಟು ದಿನ ಬೇಕಾದ್ರೂ ಆಡ್ತೀನಿ. ಆದ್ರೆ ಕೊನೆಗೆ ಕಂಡುಹಿಡಿಯೋನು ನಾನೇ ಆಗ್ಬೇಕು. ಒಂದು ದೊಡ್ಡ ಸೀನ್ ಬೇಕು.’ ಅಕೌಂಟೆಂಟ್ ಕೈ ಚಾಚಿದ. ‘ಕೊಟ್ಟೆ. ಮೊಣಕಾಲೂರಿ ಅಳ್ತೀನಿ ಬೇಕಾದ್ರೆ.’ ವಾಲಿಗೆ ತನ್ನ ಸಾವು ಸಿಕ್ಕಿತು. ಇನ್ನು ನಿಶ್ಚಿಂತೆಯಿಂದ ಎಷ್ಟು ಬೇಕಾದರೂ ವಾದಿಸಬಹುದು.

ಅವತ್ತಿನಿಂದ ಆ ಮೇಜಿನಲ್ಲಿ ಒಂದು ಕಟ್ಟಳೆ ಇದೆ. ಒಬ್ಬರ ಪಾತ್ರ ಇನ್ನೊಬ್ಬರ ಪಾತ್ರಕ್ಕೆ ಏನಾದರೂ ಮಾಡಹೊರಟರೆ ದಾಳ ಇಲ್ಲ. ಯಾರ ಮೇಲೆ ಮಾಡಿದರೋ ಅವರೇ ಹೇಳಬೇಕು, ಏನಾಯಿತು ಅಂತ. ಕದ್ದದ್ದು ಸಿಕ್ಕಿತೋ, ಏಟು ತಗುಲಿತೋ, ಬೈಗುಳ ನಾಟಿತೋ, ತೀರ್ಪು ತಿಂದವರದು. ನನಗೆ ಮೊದಲು ಇದು ಸರಿಹೋಗಲಿಲ್ಲ. ಎಲ್ಲರೂ ‘ಏನೂ ಆಗಲಿಲ್ಲ, ತಪ್ಪಿಸಿಕೊಂಡೆ’ ಅಂದುಬಿಟ್ಟರೆ? ಹಾಗಾಗಲಿಲ್ಲ. ತೀರ್ಪು ಕೈಗೆ ಬಂದದ್ದೇ ಜನ ಧಾರಾಳಿಗಳಾದರು. ಡಾಕ್ಟರಮ್ಮನ ಕೊಡಲಿ ತಪ್ಪಿ ಮಂತ್ರವಾದಿನಿಯ ಜಡೆಗೆ ತಾಗಿದಾಗ, ಆ ಹುಡುಗಿ ತಾನಾಗಿ ‘ಪೂರ್ತಿ ಹೋಯ್ತು, ಬೋಳು’ ಅಂದಳು. ದಾಳದಿಂದ ಅಂಥ ಉತ್ತರ ಯಾರಿಗೂ ಸಿಗುತ್ತಿರಲಿಲ್ಲ.

ಮಾಣಿಕ್ಯದ ಗುಟ್ಟು ಇನ್ನೂ ಒಡೆದಿಲ್ಲ. ಕಳೆದ ಭಾನುವಾರ ಪಲಾಡಿನ್ ರಾಜನ ಆಸ್ಥಾನದಲ್ಲಿ ಎದ್ದು ನಿಂತು, ನಮ್ಮ ತಂಡದಲ್ಲಿ ಇವನಷ್ಟು ಪ್ರಾಮಾಣಿಕ ಇನ್ನೊಬ್ಬನಿಲ್ಲ ಎಂದು ಕಳ್ಳನ ಭುಜ ತಟ್ಟಿ ಭಾಷಣ ಮಾಡಿದ. ಎಲ್ಲ ಗೊತ್ತಿದ್ದೂ ಗೊತ್ತಿಲ್ಲದವನ ಹಾಗೆ, ಕಣ್ಣಂಚಿನಲ್ಲಿ ನೀರು ತಂದುಕೊಂಡು. ಡಾಕ್ಟರಮ್ಮ ಮೂಗಿನಿಂದ ಕಾಫಿ ಬರಿಸಿಕೊಂಡರು. ಭಾಷಣದ ಕೊನೆಗೆ ಅವನು ತಂಡದ ಖಜಾನೆಯ ಬೀಗದ ಕೈಯನ್ನು ಕಳ್ಳನ ಕೊರಳಿಗೇ ಹಾಕಿ, ‘ಇನ್ನು ಮೇಲೆ ಜಮಾ-ಖರ್ಚು ಎಲ್ಲ ನೀನೇ ಬರೀಬೇಕು ತಮ್ಮಾ, ಪ್ರತಿವಾರ ನನಗೆ ತೋರಿಸ್ಬೇಕು’ ಅಂದ. ಅಕೌಂಟೆಂಟಿನ ಮುಖ ನೋಡುವ ಹಾಗಿತ್ತು. ವಾರಕ್ಕೊಂದು ದಿನ ಲೆಕ್ಕದಿಂದ ತಪ್ಪಿಸಿಕೊಳ್ಳಲು ಕಳ್ಳನಾದ ಮನುಷ್ಯ, ನಿಟ್ಟುಸಿರು ಬಿಟ್ಟು ಬ್ಯಾಗಿನಿಂದ ಸ್ಕೇಲು ತೆಗೆದು ಹಾಳೆಯ ಮೇಲೆ ಎರಡು ಕಾಲಂ ಗೆರೆ ಎಳೆದ. ಆಮೇಲೆ ತಲೆ ಎತ್ತಿ ಡಿಎಂ ಕಡೆ ತಿರುಗಿ, ಈ ರಾಜ್ಯದಲ್ಲಿ ಹಣಕಾಸು ವರ್ಷ ಯಾವ ತಿಂಗಳಿಗೆ ಮುಗಿಯುತ್ತದೆ ಅಂತ ಕೇಳಿದ.